ಆಂಬುಲೆನ್ಸಿಗೆ ಫೈರ್ ಇಂಜಿನ್ ಗುದ್ದಿದರೆ ತಪ್ಪು ಯಾರದ್ದು?

ಪ್ರಶ್ನೆ: ಎರಡು ತಿಂಗಳ ಹಿಂದೆ ಅಪ್ಪನಿಗೆ ಎದೆನೋವು ಬಂತು. ತಾಲ್ಲೂಕು ಆಸ್ಪತ್ರೆಯಲ್ಲಿ ನೋಡಿ, ಜಿಲ್ಲಾ ಕೇಂದ್ರಕ್ಕೆ ಕರೆದುಕೊಂಡು ಹೋಗಿ ಎಂದು ಚೀಟಿ ಬರೆದುಕೊಟ್ಟರು. ನಮ್ಮೂರಿನದೇ ಹುಡುಗ ಓಡಿಸುವ ಖಾಸಗಿ ಆಂಬುಲೆನ್ಸಿನಲ್ಲಿ ಹೊರಟೆವು. ರಾತ್ರಿ ಸುಮಾರು 9 ಗಂಟೆ. ಪೇಟೆಯ ದೊಡ್ಡ ಸರ್ಕಲ್‌ನಲ್ಲಿ ಎಡಗಡೆಯ ರಸ್ತೆಯಿಂದ ಬಂದ ಫೈರ್ ಇಂಜಿನ್ ನಮ್ಮ ಆಂಬುಲೆನ್ಸಿನ ಎಡಭಾಗಕ್ಕೆ, ಹಿಂದಿನ ಚಕ್ರದ ಹತ್ತಿರ ಗುದ್ದಿತು. ಎರಡು ಗಾಡಿಯಲ್ಲೂ ಸೈರನ್, ಲೈಟ್ ಇತ್ತು. ನನ್ನ ಕಾಲರ್ ಬೋನ್ ಮುರಿಯಿತು. ಡ್ರೈವರ್ ಹುಡುಗನ ಕಾಲು ಮುರಿಯಿತು. ಅಪ್ಪನನ್ನು ಬೇರೆ ಗಾಡಿಗೆ ಹಾಕಿ ಆಸ್ಪತ್ರೆ ಸೇರಿಸುವಾಗ 40 ನಿಮಿಷ ತಡ. ದೇವರ ದಯೆ, ಉಳಿದುಕೊಂಡರು. ತನಗೆ ಗ್ರೀನ್ ಇತ್ತು ಎಂದು ಹುಡುಗ ಹೇಳುತ್ತಾನೆ. ಫೈರ್ ಇಂಜಿನ್ ಚಾಲಕರು 'ನಾವು ಬೆಂಕಿ ಕರೆಗೆ ಹೋಗುತ್ತಿದ್ದೆವು, ನಮಗೆ ಸಿಗ್ನಲ್ ಲೆಕ್ಕ ಇಲ್ಲ' ಎಂದರಂತೆ. ಎಫ್‌ಐಆರ್ ಆಗಿರುವುದು ಹುಡುಗನ ಮೇಲೆ ಮಾತ್ರ. ಸರ್ಕಾರಿ ಗಾಡಿ ಮೇಲೆ ಕೇಸ್ ನಿಲ್ಲುವುದಿಲ್ಲ, ಆಂಬುಲೆನ್ಸಿನ ಮೇಲೆ ಮಾತ್ರ ಹಾಕಿ ಎಂದು ಕೆಲವರು ಹೇಳುತ್ತಾರೆ. ನನಗೆ ಪರಿಹಾರ ಬೇಕು, ನಿಜ. ಆದರೆ ಆ ಹುಡುಗನನ್ನು ಬಲಿ ಕೊಟ್ಟು ಬೇಡ. ಕಾನೂನಿನ ಪ್ರಕಾರ ಇಲ್ಲಿ ತಪ್ಪು ಯಾರದ್ದು?

ಉತ್ತರ: ಮೊದಲು ನಿಮ್ಮ ತಲೆಯ ಮೇಲಿನ ಒಂದು ಭಾರ ಇಳಿಸುತ್ತೇನೆ. ತಪ್ಪು ಯಾರದ್ದು, ಎಷ್ಟು ಪಾಲು ಎಂದು ತೀರ್ಮಾನವಾಗುವವರೆಗೆ ನಿಮ್ಮ ಪರಿಹಾರ ಕಾಯಬೇಕಿಲ್ಲ. ನೀವು ಗಾಡಿ ಓಡಿಸುತ್ತಿರಲಿಲ್ಲ, ಒಳಗೆ ಅಪ್ಪನ ಪಕ್ಕ ಕೂತಿದ್ದಿರಿ. ಇಬ್ಬರು ಚಾಲಕರ ಅಜಾಗರೂಕತೆ ಸೇರಿ ಮೂರನೆಯವರಿಗೆ ಪೆಟ್ಟಾದರೆ, ಆ ಮೂರನೆಯವರು ಪೂರ್ತಿ ಹಣವನ್ನು ಇಬ್ಬರಲ್ಲಿ ಯಾರಿಂದ ಬೇಕಾದರೂ ವಸೂಲು ಮಾಡಬಹುದು. ಬಸ್ಸು ಮತ್ತು ಟ್ರೇಲರ್ ಲಾರಿ ಡಿಕ್ಕಿಯಾದ ಒಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2015ರಲ್ಲಿ ಇದನ್ನು ಅನುಮಾನಕ್ಕೆ ಜಾಗವಿಲ್ಲದಂತೆ ಹೇಳಿದೆ. ಒಬ್ಬರು 70, ಇನ್ನೊಬ್ಬರು 30 ಎಂದು ಟ್ರಿಬ್ಯೂನಲ್, ಅಂದರೆ ಅಪಘಾತ ಪರಿಹಾರದ ಅರ್ಜಿ ವಿಚಾರಿಸುವ ನ್ಯಾಯಮಂಡಳಿ, ಪಾಲು ಹಾಕಿದರೂ ಅದು ಅವರಿಬ್ಬರ ನಡುವಿನ ಲೆಕ್ಕ. ಪೂರ್ತಿ ಕೊಟ್ಟವರು ಇನ್ನೊಬ್ಬರಿಂದ ಅವರ ಪಾಲನ್ನು ಆಮೇಲೆ ಕೇಳಿ ತೆಗೆದುಕೊಳ್ಳಲಿ.

ಹಾಗಿದ್ದ ಮೇಲೆ ಇಬ್ಬರನ್ನೂ ಯಾಕೆ ಪ್ರತಿವಾದಿ ಮಾಡಬೇಕು ಅಂತ ಕೇಳಬಹುದು. ಮಾಡಲೇಬೇಕು ಎಂದು ಆ ತೀರ್ಪು ಹೇಳುವುದಿಲ್ಲ. ಆದರೂ ಮಾಡಿ ಎಂದು ನಾನು ಹೇಳುತ್ತೇನೆ. ಒಂದು ಕಡೆಯವರನ್ನು ಬಿಟ್ಟರೆ ಉಳಿದವರು ಮೊದಲ ದಿನದಿಂದ 'ತಪ್ಪೆಲ್ಲ ಅವರದ್ದು, ಅವರೇ ಇಲ್ಲಿಲ್ಲ' ಎನ್ನುತ್ತಾರೆ. ಆಂಬುಲೆನ್ಸ್ ಮೇಲೆ ಮಾತ್ರ ಹಾಕಿ ಎಂದವರ ಮಾತು ಕೇಳಿದರೆ ನೀವು ಯಾರನ್ನು ಉಳಿಸಬೇಕು ಅಂತಿದ್ದೀರೋ ಅವನೇ ಒಬ್ಬಂಟಿಯಾಗುತ್ತಾನೆ. ಅವನ ಪರ ಸಾಕ್ಷ್ಯ ತರಿಸುವ ದಾರಿಯೂ ಕಿರಿದಾಗುತ್ತದೆ.

ಈಗ ತಪ್ಪಿನ ವಿಚಾರ. ಇದು ಅಷ್ಟು ಸಲೀಸಲ್ಲ.

ಇಂಥ ಕೇಸಿನಲ್ಲಿ ಎರಡೂ ಕಡೆಯವರು ಹಿಡಿದುಕೊಂಡು ಬರುವುದು 2017ರ ಮೋಟಾರು ವಾಹನ ಚಾಲನಾ ನಿಯಮಗಳನ್ನು. ತುರ್ತು ವಾಹನಗಳಿಗೆ ಅದರಲ್ಲಿ ಒಂದು ಸರದಿ ಇದೆ. ಮೊದಲು ಫೈರ್ ಇಂಜಿನ್, ಆಮೇಲೆ ಆಂಬುಲೆನ್ಸ್, ಆಮೇಲೆ ಪೊಲೀಸ್ ವಾಹನ, ಕೊನೆಗೆ ನೀರು, ವಿದ್ಯುತ್ತಿನಂಥ ಅಗತ್ಯ ಸೇವೆಯ ವಾಹನ. ಸರ್ಕಾರದ ವಕೀಲರು ಇದನ್ನು ಓದಿ 'ನೋಡಿ ಸ್ವಾಮಿ, ನಾವೇ ಮೊದಲು' ಎಂದು ಕೂರುತ್ತಾರೆ. ಸರದಿ ಇರುವುದು ನಿಜ. ಆದರೆ ಅದಕ್ಕೆ ಷರತ್ತುಗಳಿವೆ. ಗಾಡಿ ಆ ಹೊತ್ತಿನಲ್ಲಿ ನಿಜವಾಗಿ ತುರ್ತು ಕೆಲಸದಲ್ಲಿರಬೇಕು. ಸೈರನ್, ಲೈಟ್ ಹಾಕಿರಬೇಕು. ಕೆಂಪು ದೀಪ ದಾಟಬಹುದು, ವೇಗದ ಮಿತಿ ಮೀರಬಹುದು, ಆದರೆ ಎಚ್ಚರಿಕೆ ಮತ್ತು ಜವಾಬ್ದಾರಿಯಿಂದ. ಈ ಕೊನೆಯ ಮಾತಿನ ಮೇಲೆಯೇ ಕೇಸ್ ನಿಲ್ಲುವುದು, ಬೀಳುವುದು.

ಸರದಿಯ ಅರ್ಥ ಇಷ್ಟೇ. ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು ಅಥವಾ ನೋಡಬಹುದಿತ್ತು ಅಂತಿಟ್ಟುಕೊಳ್ಳಿ. ಆಗ ಆಂಬುಲೆನ್ಸ್ ನಿಂತು ಫೈರ್ ಇಂಜಿನ್ನಿಗೆ ದಾರಿ ಬಿಡಬೇಕು. ನೋಡದೇ ನುಗ್ಗಿದವರಿಗೆ ಈ ಸರದಿ ರಕ್ಷಣೆ ಕೊಡುವುದಿಲ್ಲ. ಮದುವೆ ಮನೆಯಲ್ಲಿ ಹಿರಿಯರಿಗೆ ಮೊದಲ ಪಂಕ್ತಿ ಎಂದರೆ ಕೂತವರ ಎಲೆ ತುಳಿದುಕೊಂಡು ಹೋಗಬಹುದು ಎಂದಲ್ಲ ತಾನೇ?

ಬೇರೆ ದೇಶದಲ್ಲೂ ಈ ಜಗಳ ಹಳೆಯದು. 1938ರಲ್ಲಿ ಲಂಡನ್ನಿನ ಒಂದು ಫೈರ್ ಇಂಜಿನ್ ಕೆಂಪು ದೀಪ ದಾಟಿ ಅಪಘಾತವಾಗಿ ಕೋರ್ಟಿಗೆ ಹೋಯಿತು. ಬೆಂಕಿ ಆರಿಸಲು ಹೊರಟ ಚಾಲಕನಿಗೂ ಉಳಿದವರಷ್ಟೇ ಎಚ್ಚರದ ಹೊಣೆ ಇದೆ ಎಂದು ಅಲ್ಲಿನ ನ್ಯಾಯಾಧೀಶರು ಹೇಳಿದರು. ಈಗಲೂ ಅಲ್ಲಿ ತುರ್ತು ವಾಹನಕ್ಕೆ ಕೆಂಪು ದೀಪ ಎಂದರೆ 'ಅಡ್ಡ ಬರುವವರಿಗೆ ದಾರಿ ಬಿಟ್ಟು ಮುಂದೆ ಹೋಗು' ಎಂದು ಅರ್ಥ.

ನಮ್ಮಲ್ಲಿ 2019ರ ತಿದ್ದುಪಡಿಯಿಂದ ಮೋಟಾರು ವಾಹನ ಕಾಯ್ದೆಗೆ 194ಇ ಕಲಂ ಬಂದಿದೆ. ಫೈರ್ ಇಂಜಿನ್, ಆಂಬುಲೆನ್ಸ್ ಬಂದಾಗ ಪಕ್ಕಕ್ಕೆ ಸರಿಯದಿದ್ದರೆ 6 ತಿಂಗಳವರೆಗೆ ಜೈಲು, ಇಲ್ಲವೇ 10,000 ರೂಪಾಯಿ ದಂಡ, ಇಲ್ಲವೇ ಎರಡೂ. 'ಮೋಟಾರು ವಾಹನ ಓಡಿಸುವ ಯಾರೇ ಆಗಲಿ' ಎಂದು ಆ ಕಲಂ ಶುರುವಾಗುತ್ತದೆ. ಅಂದರೆ ನಿಮ್ಮ ಕೇಸಿನಲ್ಲಿ ಇಬ್ಬರೂ ಒಬ್ಬರ ಮೇಲೊಬ್ಬರು ಇದೇ ಕಲಂ ಹಾಕಬಹುದು! ನಗು ಬರುತ್ತದೆ. ಎರಡು ಸೈರನ್ ಎದುರಾಗುತ್ತವೆ ಎಂದು ಕಾನೂನು ಬರೆದವರಿಗೆ ಹೊಳೆದಿರಲಿಕ್ಕಿಲ್ಲ.

ನಾನು ಇಂಥ ಕೇಸ್ ಕೈಗೆ ತೆಗೆದುಕೊಂಡರೆ ಮೊದಲು ಹುಡುಕುವುದು ಆ ರಾತ್ರಿ ಎರಡೂ ಗಾಡಿ ನಿಜವಾಗಿ ತುರ್ತು ಕೆಲಸದಲ್ಲಿದ್ದವಾ ಅನ್ನುವುದನ್ನು. ನಿಮ್ಮ ಕಡೆ ಇದು ಗಟ್ಟಿಯಾಗಿದೆ. ತಾಲ್ಲೂಕು ಆಸ್ಪತ್ರೆಯ ಚೀಟಿ ಇದೆ, ಅದರಲ್ಲಿ ಹೊತ್ತು ಬರೆದಿರುತ್ತದೆ. ದೊಡ್ಡಾಸ್ಪತ್ರೆಯಲ್ಲಿ ದಾಖಲಾದ ಹೊತ್ತು ಇದೆ. ಎರಡರ ನಡುವೆ ಅಪಘಾತ. ಇನ್ನು ಫೈರ್ ಇಂಜಿನ್. ಠಾಣೆಯಲ್ಲಿ ಬಂದ ಕರೆ, ಗಾಡಿ ಹೊರಟ ಹೊತ್ತು, ಸ್ಥಳ ತಲುಪಿದ ಹೊತ್ತು, ವಾಪಸ್ ಬಂದ ಹೊತ್ತು ದಾಖಲಾಗಿರುತ್ತದೆ. ಬೆಂಕಿ ಆರಿಸಿ ವಾಪಸ್ ಬರುತ್ತಿದ್ದರೆ? ಕರೆ ಸುಳ್ಳು ಎಂದು ವೈರ್‌ಲೆಸ್‌ನಲ್ಲಿ ತಿಳಿದ ಮೇಲೂ ಸೈರನ್ ಹಾಕಿಕೊಂಡೇ ಬಂದಿದ್ದರೆ? ಆಗ ಸರದಿಯ ಮಾತೇ ಇಲ್ಲ. ಅದು ಸರ್ಕಲ್ಲಿನಲ್ಲಿ ಕೆಂಪು ದಾಟಿದ ಒಂದು ಲಾರಿ, ಅಷ್ಟೇ. ಮಾಹಿತಿ ಹಕ್ಕಿನಲ್ಲಿ ಈ ದಾಖಲೆ ಕೇಳಿ. ಕೊಡದಿದ್ದರೆ ಟ್ರಿಬ್ಯೂನಲ್ ಮೂಲಕ ಸಮನ್ಸ್ ಮಾಡಿಸಿ ತರಿಸಬಹುದು.

ಇದೇ ಅಳತೆ ಆಂಬುಲೆನ್ಸಿಗೂ ಇದೆ. ಖಾಲಿ ಗಾಡಿ ಸೈರನ್ ಹಾಕಿಕೊಂಡು ಟೀ ಅಂಗಡಿಗೆ ಹೋಗುವುದನ್ನು ನಾವೆಲ್ಲ ನೋಡಿದ್ದೇವೆ. ಆ ಕೆಟ್ಟ ಹೆಸರು ಪ್ರಾಮಾಣಿಕ ಚಾಲಕರ ಕೇಸಿಗೂ ಅಂಟಿಕೊಳ್ಳುತ್ತದೆ. ಅದಕ್ಕೇ ಆ ಚೀಟಿಯ ಮೂಲಪ್ರತಿಯನ್ನು ಭದ್ರವಾಗಿ ಇಟ್ಟುಕೊಳ್ಳಿ. ವಿಮೆಯವರಿಗೆ ಜೆರಾಕ್ಸ್ ಸಾಕು.

ಇನ್ನು ಸರ್ಕಲ್ಲಿಗೆ ಬರೋಣ. ನಿಮ್ಮ ಪತ್ರದಲ್ಲಿ ನನಗೆ ತುಂಬಾ ಮುಖ್ಯ ಅನ್ನಿಸಿದ್ದು ಸಿಗ್ನಲ್ ಅಲ್ಲ, ಗುದ್ದಿದ ಜಾಗ. ಎಡಗಡೆಯಿಂದ ಬಂದ ಗಾಡಿ, ಆಂಬುಲೆನ್ಸಿನ ಎಡಭಾಗದ ಹಿಂದಿನ ಚಕ್ರದ ಹತ್ತಿರ. ಒಂದು ಹಾಳೆಯ ಮೇಲೆ ಕೂಡು ರಸ್ತೆ ಬರೆದು ನೋಡಿ. ನಾವು ರಸ್ತೆಯ ಎಡಕ್ಕೆ ಓಡಿಸುವವರು. ನಿಮ್ಮ ಎಡಗಡೆಯ ರಸ್ತೆಯಿಂದ ಬಂದು ನೇರ ದಾಟುವ ಗಾಡಿ ತನ್ನ ಎಡಕ್ಕೇ ಇರುತ್ತದೆ. ಅಂದರೆ ನಿಮ್ಮ ಲೆಕ್ಕದಲ್ಲಿ ಅದು ಸರ್ಕಲ್ಲಿನ ಆಚೆಯ ಅರ್ಧದಲ್ಲಿ ಬರುತ್ತದೆ. ಅಲ್ಲಿ ನಿಮ್ಮ ಹಿಂದಿನ ಚಕ್ರಕ್ಕೆ ಗುದ್ದಿತು ಎಂದರೆ ನಿಮ್ಮ ಗಾಡಿ ಸರ್ಕಲ್ಲಿನ ಬಹುಪಾಲು ದಾಟಿಯಾಗಿತ್ತು. ಫೈರ್ ಇಂಜಿನ್ ಆಗಷ್ಟೇ ಒಳಗೆ ಕಾಲಿಟ್ಟಿತ್ತು. ಮೊದಲು ಒಳಗೆ ಬಂದದ್ದು ಆಂಬುಲೆನ್ಸ್ ಎಂದು ಇದು ಹೇಳುತ್ತದೆ. ಫೈರ್ ಇಂಜಿನ್ ತನ್ನ ಎಡ ಬಿಟ್ಟು ರಸ್ತೆಯ ಬಲಭಾಗದಲ್ಲಿ ನುಗ್ಗಿದ್ದರೆ ಈ ಲೆಕ್ಕ ಬದಲಾಗುತ್ತದೆ. ಅದಕ್ಕೇ ಪೊಲೀಸರ ಸ್ಪಾಟ್ ಸ್ಕೆಚ್‌ನಲ್ಲಿ ಡಿಕ್ಕಿಯ ಬಿಂದು ಎಲ್ಲಿ ಗುರುತಿಸಿದ್ದಾರೆ ನೋಡಿ. ಗಾಜಿನ ಚೂರು, ಕಿತ್ತುಬಂದ ಬಂಪರ್, ಚೆಲ್ಲಿದ ಎಣ್ಣೆ ಎಲ್ಲಿ ಬಿದ್ದಿತ್ತು ಎಂದು ಮಹಜರಿನಲ್ಲಿ ಬರೆದಿದ್ದಾರಾ ನೋಡಿ. ಆರ್‌ಟಿಒ ಕಚೇರಿಯ ಮೋಟಾರು ವಾಹನ ನಿರೀಕ್ಷಕರು ಎರಡೂ ಗಾಡಿಯ ಜಖಂ ಬರೆದು ಕೊಡುವ ವರದಿ ಇರುತ್ತದೆ, ನಾವು ಐಎಂವಿ ರಿಪೋರ್ಟ್ ಅನ್ನುತ್ತೇವೆ. ಜನ ಅದರ ಕೊನೆಯ ಸಾಲನ್ನು ಮಾತ್ರ ಓದುತ್ತಾರೆ, 'ಯಾಂತ್ರಿಕ ದೋಷದಿಂದ ಅಪಘಾತ ಆಗಿಲ್ಲ' ಎಂದು. ಮೇಲಿನ ಜಖಂ ಪಟ್ಟಿ ಅದಕ್ಕಿಂತ ಹೆಚ್ಚು ಮಾತಾಡುತ್ತದೆ.

ಆದರೆ 'ನಾವೇ ಮೊದಲು ಬಂದಿದ್ದು' ಎಂದು ಕುಣಿಯುವ ಹಾಗಿಲ್ಲ. ಗಂಟೆಗೆ 60 ಕಿಲೋಮೀಟರ್ ಎಂದರೆ ಸೆಕೆಂಡಿಗೆ ಹತ್ತಿರ ಹತ್ತಿರ 17 ಮೀಟರ್. 20 ಮೀಟರ್ ಅಗಲದ ಸರ್ಕಲ್ಲನ್ನು ಆ ವೇಗದಲ್ಲಿ ದಾಟಲು ಒಂದೂಕಾಲು ಸೆಕೆಂಡ್ ಸಾಕು. ಅಷ್ಟು ವೇಗದಲ್ಲಿ ಬಂದಿದ್ದರೆ ಮೊದಲು ಒಳಗೆ ಬಂದದ್ದು ಎಚ್ಚರದಿಂದಲ್ಲ, ವೇಗದಿಂದ. ಎದುರಿನ ವಕೀಲರು ಇದನ್ನು ಕೇಳಿಯೇ ಕೇಳುತ್ತಾರೆ. ಆ ಸರ್ಕಲ್ಲಿನ ಬಾಯಲ್ಲಿ ಹುಡುಗ ಕಾಲು ಬ್ರೇಕಿನ ಮೇಲೆ ಇಟ್ಟಿದ್ದನಾ? ಒಳಗೆ ಕೂತಿದ್ದ ನಿಮಗೆ ಗೊತ್ತಿರುತ್ತದೆ. ಗಾಡಿ ನಿಧಾನವಾದಾಗ ಮೈ ಮುಂದಕ್ಕೆ ವಾಲಿತಾ, ಸ್ಟ್ರೆಚರ್ ಅಲುಗಿತಾ? ಈಗಲೇ ನೆನಪು ಮಾಡಿಕೊಂಡು ಬರೆದಿಡಿ. ನೆನಪಿಲ್ಲದಿದ್ದರೆ ಇಲ್ಲ ಎಂದೇ ಹೇಳಿ, ಕಟ್ಟಿ ಹೇಳಬೇಡಿ. ಪಾಟೀಸವಾಲಿನಲ್ಲಿ ಕಟ್ಟಿದ ಮಾತು ಮೊದಲು ಬಿಚ್ಚಿಕೊಳ್ಳುತ್ತದೆ.

ಫೈರ್ ಇಂಜಿನ್ನಿನ ಲೆಕ್ಕ ಇನ್ನೂ ಕಷ್ಟದ್ದು. ಸಾಮಾನ್ಯ ವಾಟರ್ ಟೆಂಡರಿನ ತೊಟ್ಟಿಯಲ್ಲಿ 4,500 ಲೀಟರ್ ನೀರು ಹಿಡಿಯುತ್ತದೆ. ನೀರೊಂದೇ ನಾಲ್ಕೂವರೆ ಟನ್. ಬ್ರೇಕ್ ಹಾಕಿದರೆ ಒಳಗಿನ ನೀರೂ ಮುಂದಕ್ಕೆ ತಳ್ಳುತ್ತದೆ. ಅಪಾಯ ಕಂಡು ಕಾಲು ಬ್ರೇಕಿಗೆ ಹೋಗಲು ಒಂದೂವರೆ ಸೆಕೆಂಡ್ ಎಂದಿಟ್ಟುಕೊಳ್ಳಿ, ಒಣ ಟಾರು ರಸ್ತೆ, ಭಾರದ ಗಾಡಿಯ ಸಾಧಾರಣ ಬ್ರೇಕ್. 60ರ ವೇಗದಲ್ಲಿ ನಿಲ್ಲಲು 50 ಮೀಟರ್‌ಗೂ ಜಾಸ್ತಿ ಬೇಕು. 40ರಲ್ಲಿ ಸುಮಾರು 29 ಮೀಟರ್. 20ಕ್ಕೆ ಇಳಿಸಿದ್ದರೆ 11 ಮೀಟರ್ ಸಾಕು. ಮೂಲೆಯ ಕಟ್ಟಡ, ನಿಂತ ಬಸ್ಸು ಅಡ್ಡ ಇದ್ದಾಗ ಎಡ–ಬಲದ ರಸ್ತೆ ಕಾಣುವುದೇ ಹತ್ತು–ಹದಿನೈದು ಮೀಟರ್ ಉಳಿದಾಗ. ಹಾಗಾದರೆ ಆ ಮೂಲೆಗೆ ಯಾವ ವೇಗದಲ್ಲಿ ಬರಬಹುದು ಎಂಬುದಕ್ಕೆ ಲೆಕ್ಕವೇ ಉತ್ತರ ಕೊಡುತ್ತದೆ. ಇದಕ್ಕೆ ದೊಡ್ಡ ತಜ್ಞರು ಬೇಕಿಲ್ಲ. ಸರ್ಕಲ್ಲಿಗೆ ಹೋಗಿ, ಫೈರ್ ಇಂಜಿನ್ ಬಂದ ರಸ್ತೆಯಲ್ಲಿ ನಿಂತು, ನಿಮ್ಮ ರಸ್ತೆ ಎಲ್ಲಿಂದ ಕಾಣಿಸುತ್ತದೆ ಎಂದು ಟೇಪ್ ಹಿಡಿದು ಅಳೆಯಿರಿ. ಫೋಟೋ ತೆಗೆಯಿರಿ. ರಾತ್ರಿ 9ಕ್ಕೇ ಹೋಗಿ, ಹಗಲು ಬೇಡ.

ಇಲ್ಲಿ ಇನ್ನೊಂದು ಸಂಗತಿ ಇದೆ. ಇಬ್ಬರೂ ಚಾಲಕರು 'ನನಗೆ ಅವರ ಸೈರನ್ ಕೇಳಲೇ ಇಲ್ಲ' ಎಂದಿರುತ್ತಾರೆ. ಪೊಲೀಸರು ಇದನ್ನು ಸುಳ್ಳು ಎಂದುಕೊಳ್ಳುತ್ತಾರೆ. ಸುಳ್ಳಾಗಿರಬೇಕಿಲ್ಲ. ಸೈರನ್ ಇರುವುದು ಚಾಲಕನ ನೆತ್ತಿಯ ಮೇಲೆ. ತನ್ನ ಗಾಡಿಯ ಕೂಗು ಕಿವಿ ತುಂಬಿರುವಾಗ, ಅದೇ ಥರದ ಇನ್ನೊಂದು ಕೂಗು ಬೇರೆಯಾಗಿ ತಿಳಿಯುವುದೇ ಇಲ್ಲ. ಕೇಳಿದರೂ ತನ್ನದೇ ಸದ್ದು ಗೋಡೆಗೆ ಹೊಡೆದು ವಾಪಸ್ ಬಂತು ಅನ್ನಿಸುತ್ತದೆ. ಲೈಟೂ ಹಾಗೆಯೇ, ತನ್ನ ಕೆಂಪು–ನೀಲಿ ಅಂಗಡಿ ಗಾಜುಗಳ ಮೇಲೆ ಹೊಳೆಯುತ್ತಿರುತ್ತದೆ. ರಸ್ತೆಯಲ್ಲಿರುವ ಉಳಿದವರಿಗೆ ಎರಡು ಗಾಡಿ ಬರುತ್ತಿರುವುದು ಗೊತ್ತಾಗುತ್ತದೆ. ಗೊತ್ತಾಗದೇ ಉಳಿಯುವವರು ಆ ಇಬ್ಬರೇ.

ಕೇಳಲಿಲ್ಲ ಎಂಬುದು ನಿಜ ಇರಬಹುದು, ಆದರೂ ನನ್ನ ಅಭಿಪ್ರಾಯದಲ್ಲಿ ಅದು ಕ್ಷಮೆಯಲ್ಲ. ಸೈರನ್ ಹಾಕಿದಾಗ ನಿಮ್ಮ ಕಿವಿ ಹೋಗುತ್ತದೆ ಎಂದು ಗೊತ್ತಿದ್ದ ಮೇಲೆ ಕಣ್ಣಿನ ಕೆಲಸ ಇಮ್ಮಡಿ ಆಯಿತು. ನ್ಯಾಯಾಧೀಶರ ಮುಂದೆ ಈ ವಾದ ಎರಡೂ ಕಡೆಗೆ ಸಮ ಕೊಯ್ಯುತ್ತದೆ. ಅದಕ್ಕೇ ಇಂಥ ಕೇಸಿನಲ್ಲಿ ಒಬ್ಬರ ಮೇಲೆ ಪೂರ್ತಿ ತಪ್ಪು ಬೀಳುವುದು ಕಡಿಮೆ, ಪಾಲು ಹಾಕುವುದೇ ಜಾಸ್ತಿ.

ಹಾಗಾದರೆ ಸಿಗ್ನಲ್? ಗ್ರೀನ್ ಇದ್ದವನು ಎಲ್ಲರಿಗೂ ಇರುವ ಹಕ್ಕಿನಲ್ಲಿ ಹೋಗುತ್ತಿದ್ದಾನೆ. ಕೆಂಪು ದಾಟುವವನು ವಿನಾಯಿತಿಯಲ್ಲಿ ಹೋಗುತ್ತಿದ್ದಾನೆ. ವಿನಾಯಿತಿ ಬಳಸುವವನಿಗೆ ಹೊಣೆ ಜಾಸ್ತಿ. ನಿಮ್ಮ ಹುಡುಗ ಗ್ರೀನ್ ಅನ್ನುತ್ತಾನೆ, ಆ ಕಡೆಯವರು 'ಸಿಗ್ನಲ್ ಲೆಕ್ಕ ಇಲ್ಲ' ಅನ್ನುತ್ತಾರೆ. ಎರಡನ್ನೂ ಸೇರಿಸಿ ಓದಿದರೆ ಕೆಂಪು ಯಾರಿಗಿತ್ತು ಎಂದು ಅವರೇ ಅರ್ಧ ಒಪ್ಪಿದ ಹಾಗಾಯಿತು. ಅವರು ಆ ಮಾತನ್ನು ಎಲ್ಲಿ ಹೇಳಿದರು? ಪೊಲೀಸ್ ಹೇಳಿಕೆಯಲ್ಲಾ, ಇಲಾಖೆಗೆ ಕೊಟ್ಟ ವರದಿಯಲ್ಲಾ, ಸುಮ್ನೆ ಸ್ಥಳದಲ್ಲಾ? ಇಲಾಖೆಯ ವರದಿಯಲ್ಲಿದ್ದರೆ ಚಿನ್ನ. ರಾತ್ರಿ ಆ ಸಿಗ್ನಲ್ಲನ್ನು ಹಳದಿ ಮಿನುಗಲು ಬಿಟ್ಟಿದ್ದರಾ ಅಂತಲೂ ವಿಚಾರಿಸಿ. ಹಾಗಿದ್ದರೆ ಗ್ರೀನಿನ ಮಾತು ಬಿದ್ದುಹೋಗುತ್ತದೆ. ಆದರೆ ಆಗ ಬಲಗಡೆಯಿಂದ ಬರುವವರಿಗೆ ದಾರಿ ಬಿಡಬೇಕೆಂಬ ಸಾಮಾನ್ಯ ನಿಯಮ ನೆನಪಿಗೆ ಬರುತ್ತದೆ. ಫೈರ್ ಇಂಜಿನ್ನಿಗೆ ನೀವು ಬಲಗಡೆಯಲ್ಲಿದ್ದಿರಿ.

ಎಲ್ಲ ಸೇರಿಸಿ ನನ್ನ ಅಂದಾಜು ಕೇಳಿದರೆ, ಪತ್ರದಲ್ಲಿರುವಷ್ಟನ್ನೇ ನಂಬಿ ಹೇಳುವುದಾದರೆ, ಫೈರ್ ಇಂಜಿನ್ ಮೇಲೆ ಅರ್ಧಕ್ಕಿಂತ ಜಾಸ್ತಿ, ಆಂಬುಲೆನ್ಸ್ ಮೇಲೆ ಉಳಿದದ್ದು. ಹುಡುಗನ ಪಾಲು ಸೊನ್ನೆ ಆಗುವುದು ಕಷ್ಟ. ಗ್ರೀನ್ ಇದ್ದರೂ ಸರದಿಯಲ್ಲಿ ಮೇಲಿರುವ ವಾಹನ ಸೈರನ್ ಹಾಕಿಕೊಂಡು ಬರುತ್ತಿತ್ತು ಎಂಬುದು ಅವನ ವಿರುದ್ಧ ನಿಲ್ಲುತ್ತದೆ. ಒಂದು ಸಿಸಿಟಿವಿ ತುಣುಕು ಈ ಅಂದಾಜನ್ನು ತಲೆಕೆಳಗು ಮಾಡಬಹುದು.

ಅಂದ ಹಾಗೆ ಸಿಸಿಟಿವಿ. ಎರಡು ತಿಂಗಳಾಗಿದೆ, ಇದೇ ನನ್ನ ಚಿಂತೆ. ಬಹಳ ಕಡೆ ಹಳೆಯದರ ಮೇಲೆ ಹೊಸದು ತಾನಾಗಿ ಬರೆದುಕೊಳ್ಳುತ್ತದೆ. ಪೊಲೀಸರು ತೆಗೆದಿಟ್ಟಿದ್ದಾರಾ ಕೇಳಿ. ಬ್ಯಾಂಕ್, ಬಂಗಾರದ ಅಂಗಡಿ, ಪೆಟ್ರೋಲ್ ಬಂಕ್, ಯಾವುದರ ಕ್ಯಾಮೆರಾ ಸರ್ಕಲ್ಲಿನ ಕಡೆ ಮುಖ ಮಾಡಿದೆ ನೋಡಿ. ಸಿಕ್ಕರೆ ಮೊಬೈಲಿನಲ್ಲಿ ಪರದೆಯ ವಿಡಿಯೋ ಮಾಡಿಕೊಂಡು ಬಂದರೆ ಸಾಲದು. ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಕೇಳುವ ಪ್ರಮಾಣಪತ್ರ ಅದರ ಜೊತೆ ಬೇಕು. ಹಳೆಯ ವಕೀಲರು ಈಗಲೂ ಅದನ್ನು ಹಿಂದಿನ ಸಾಕ್ಷ್ಯ ಕಾಯ್ದೆಯ ಕಲಂ ಹಿಡಿದು 65ಬಿ ಎಂದೇ ಕರೆಯುತ್ತಾರೆ. ಆಂಬುಲೆನ್ಸಿನಲ್ಲಿ ಜಿಪಿಎಸ್ ಇದ್ದರೆ ಮಾಲೀಕರಿಂದ ಆ ಅರ್ಧ ಗಂಟೆಯ ವೇಗದ ದಾಖಲೆ ತೆಗೆಸಿ. ಅದು ಹುಡುಗನಿಗೆ ವಿರುದ್ಧ ಬಂದರೂ ನಿಮ್ಮ ಪರಿಹಾರಕ್ಕೆ ಧಕ್ಕೆ ಇಲ್ಲ, ಆಗಲೇ ಹೇಳಿದೆನಲ್ಲ.

ಎಫ್‌ಐಆರ್ ಹುಡುಗನ ಮೇಲೆ ಮಾತ್ರ ಆಗಿರುವುದಕ್ಕೆ ಅಷ್ಟು ಹೆದರಬೇಡಿ. ಯಾರು ಮೊದಲು ದೂರು ಕೊಡುತ್ತಾರೋ ಅವರ ಮಾತು ಎಫ್‌ಐಆರ್ ಆಗುತ್ತದೆ. ನೀವಿಬ್ಬರೂ ಆಸ್ಪತ್ರೆಯಲ್ಲಿದ್ದಿರಿ, ಆ ಕಡೆಯವರು ಠಾಣೆಯಲ್ಲಿದ್ದರು. ಅಷ್ಟೇ ಕಥೆ. ತನಿಖಾಧಿಕಾರಿಗೆ ನಿಮ್ಮ ಹೇಳಿಕೆಯನ್ನು ಬರಹದಲ್ಲಿ ಕೊಟ್ಟು ಸ್ವೀಕೃತಿ ತೆಗೆದುಕೊಳ್ಳಿ. 2022ರಲ್ಲಿ ಬಂದ ನಿಯಮದ ಪ್ರಕಾರ ಪೊಲೀಸರು 48 ಗಂಟೆಯೊಳಗೆ ಮೊದಲ ಅಪಘಾತ ವರದಿ, 50 ದಿನದೊಳಗೆ ಮಧ್ಯಂತರ ವರದಿ, 90 ದಿನದೊಳಗೆ ವಿವರವಾದ ವರದಿ ಕೊಡಬೇಕು. ನಿಮ್ಮದು ಸುಮಾರು 60ನೇ ದಿನ. ವಿವರವಾದ ವರದಿ ಇನ್ನೂ ಬರೆಯುತ್ತಿರುತ್ತಾರೆ. ನಿಮ್ಮ ಮಾತು ಅದರೊಳಗೆ ಸೇರಲು ಇದೇ ಹೊತ್ತು. ಟ್ರಿಬ್ಯೂನಲ್ ಚಾರ್ಜ್‌ಶೀಟನ್ನು ನೋಡುತ್ತದೆ, ಆದರೆ ಅದಕ್ಕೆ ಕಟ್ಟುಬಿದ್ದಿಲ್ಲ. ಅಲ್ಲಿ ಕ್ರಿಮಿನಲ್ ಕೋರ್ಟಿನಷ್ಟು ಬಿಗಿಯಾದ ರುಜುವಾತು ಕೇಳುವುದಿಲ್ಲ. ಯಾವ ಕಡೆಯ ಮಾತು ಹೆಚ್ಚು ನಂಬುವಂತಿದೆ ಎಂದು ತೂಗುತ್ತಾರೆ.

ಸರ್ಕಾರಿ ಗಾಡಿ ಮೇಲೆ ಕೇಸ್ ನಿಲ್ಲುವುದಿಲ್ಲ ಎಂದವರು 60 ವರ್ಷ ಹಿಂದೆ ಉಳಿದುಬಿಟ್ಟಿದ್ದಾರೆ. ಉದಯಪುರದಲ್ಲಿ ಕಲೆಕ್ಟರರ ಜೀಪು ರಿಪೇರಿ ಮುಗಿಸಿಕೊಂಡು ಬರುವಾಗ ನಡೆದು ಹೋಗುತ್ತಿದ್ದವರೊಬ್ಬರಿಗೆ ಗುದ್ದಿ, ಅವರು ತೀರಿಕೊಂಡರು. ಸರ್ಕಾರವೇ ಪರಿಹಾರ ಕೊಡಬೇಕು ಎಂದು ಸುಪ್ರೀಂ ಕೋರ್ಟ್ 1962ರಲ್ಲಿ ಹೇಳಿತು. ಬೆಂಕಿ ಆರಿಸುವುದು ಸರ್ಕಾರದ ವಿಶೇಷ ಕರ್ತವ್ಯ, ಅದಕ್ಕೆ ರಕ್ಷಣೆ ಇದೆ ಎಂಬ ವಾದ ಬರಬಹುದು. ಮೋಟಾರು ಕ್ಲೇಮಿನಲ್ಲಿ ಅದು ದೂರ ಓಡುವುದಿಲ್ಲ. ತೊಡಕಿರುವುದು ಬೇರೆ ಕಡೆ. ವ್ಯಾಪಾರಕ್ಕೆ ಬಳಸದ ಸರ್ಕಾರಿ ವಾಹನಕ್ಕೆ ಅದೇ ಮೋಟಾರು ವಾಹನ ಕಾಯ್ದೆಯ 146ನೇ ಕಲಂ ಕಡ್ಡಾಯ ವಿಮೆಯಿಂದ ವಿನಾಯಿತಿ ಕೊಟ್ಟಿದೆ. ನಮ್ಮ ರಾಜ್ಯದಲ್ಲಿ ಸರ್ಕಾರಿ ವಾಹನಗಳಿಗೆ ಕರ್ನಾಟಕ ಸರ್ಕಾರಿ ವಿಮಾ ಇಲಾಖೆ, ಅಂದರೆ ಕೆಜಿಐಡಿ, ಮೋಟಾರು ವಿಮೆ ಮಾಡುತ್ತದೆ. ಆ ಗಾಡಿಗೆ ಪಾಲಿಸಿ ಇದೆಯಾ ನೋಡಿ. ಇದ್ದರೆ ಕೆಜಿಐಡಿಯನ್ನೂ ಸೇರಿಸಿ. ಇಲ್ಲದಿದ್ದರೆ ಸರ್ಕಾರ ಮಾಲೀಕನಾಗಿ ಕೊಡುತ್ತದೆ.

ಆಂಬುಲೆನ್ಸಿನ ವಿಮಾ ಕಂಪನಿ ಏನೇನು ತಗಾದೆ ತೆಗೆಯಬಹುದು ಎಂದು ಈಗಲೇ ತಿಳಿದಿರಿ. ಪರ್ಮಿಟ್ ಇಲ್ಲ ಎನ್ನಬಹುದು. ಆಂಬುಲೆನ್ಸ್ ಕೆಲಸಕ್ಕೆ ಮಾತ್ರ ಬಳಸುವ ಗಾಡಿಗೆ 66ನೇ ಕಲಂ ಪರ್ಮಿಟ್ ಕೇಳುವುದೇ ಇಲ್ಲ. ಹುಡುಗನ ಲೈಸೆನ್ಸ್, ಗಾಡಿಯ ಎಫ್‌ಸಿ (ಫಿಟ್ನೆಸ್ ಸರ್ಟಿಫಿಕೇಟ್) ನೋಡುತ್ತಾರೆ. ಆರ್‌ಸಿಯಲ್ಲಿ ಅದು ಆಂಬುಲೆನ್ಸ್ ಎಂದೇ ಇದೆಯಾ ಎನ್ನುವುದು ಮುಖ್ಯ. ಮನೆಗಾಡಿಗೆ ಸ್ಟ್ರೆಚರ್ ಹಾಕಿ ಸೈರನ್ ಕಟ್ಟಿಕೊಂಡಿದ್ದರೆ ಸರದಿ, ವಿನಾಯಿತಿ ಎಲ್ಲ ಅಲುಗಾಡುತ್ತದೆ. ಒಳಗೆ ಕೂತವರಿಗೆ ಪಾಲಿಸಿಯಲ್ಲಿ ಪ್ರೀಮಿಯಂ ಕಟ್ಟಿದ್ದಾರಾ ಅದನ್ನೂ ನೋಡಿಸಿ.

ಅಪ್ಪನಿಗೆ ತಡವಾದ 40 ನಿಮಿಷದ ಬಗ್ಗೆ ಮೃದುವಾಗಿ ಹೇಳುವುದು ಕಷ್ಟ. ತಡ ಆಯಿತು ಎಂದು ತೋರಿಸುವುದು ಸುಲಭ. ಆ ತಡದಿಂದಲೇ ಹೃದಯಕ್ಕೆ ಇಷ್ಟು ಹೆಚ್ಚು ಹಾನಿಯಾಯಿತು ಎಂದು ತೋರಿಸುವುದು ಕಷ್ಟ. ಚಿಕಿತ್ಸೆ ಮಾಡಿದ ವೈದ್ಯರು ಬರೆದುಕೊಟ್ಟು, ಸಾಕ್ಷಿ ಕಟ್ಟೆಗೆ ಬಂದು ಹೇಳಿದರೆ ಮಾತ್ರ ಅದಕ್ಕೆ ಬೆಲೆ. ಡಿಕ್ಕಿಯಲ್ಲಿ ಅವರಿಗೂ ಏಟಾಗಿದ್ದರೆ ಅದನ್ನು ಬೇರೆಯಾಗಿ ದಾಖಲಿಸಿ, ಅವರ ಹೆಸರಲ್ಲೇ ಇನ್ನೊಂದು ಅರ್ಜಿ ಹಾಕಿ.

ನಿಮ್ಮದು ಮೂಳೆ ಮುರಿತ, ಕಾನೂನಿನಲ್ಲಿ ತೀವ್ರ ಗಾಯ. 164ನೇ ಕಲಂ ಪ್ರಕಾರ ತಪ್ಪು ಯಾರದ್ದೆಂದು ನೋಡದೇ ಎರಡೂವರೆ ಲಕ್ಷ ತೆಗೆದುಕೊಳ್ಳುವ ದಾರಿ ಇದೆ. ಬೇಗ ಮುಗಿಯುತ್ತದೆ ಎಂದು ವಿಮೆಯವರೇ ಮುಂದೆ ಬರಬಹುದು. ಒಂದು ವಿಷಯ ಗಮನಿಸಿ. ಅದನ್ನು ಒಪ್ಪಿ ತೆಗೆದುಕೊಂಡರೆ, ತಪ್ಪು ತೋರಿಸಿ ಪೂರ್ತಿ ಪರಿಹಾರ ಕೇಳಲು 166ನೇ ಕಲಂನಲ್ಲಿ ಹಾಕಿದ ಕ್ಲೇಮು ಬಿದ್ದುಹೋಗುತ್ತದೆ. ಭುಜ ಎಷ್ಟು ಎತ್ತಲು ಬರುತ್ತದೆ, ಕೆಲಸಕ್ಕೆ ಎಷ್ಟು ತೊಂದರೆ ಎಂದು ಮೂಳೆ ವೈದ್ಯರು ಹೇಳುವ ಮೊದಲು ಸಹಿ ಹಾಕಬೇಡಿ. 166ರ ಅರ್ಜಿಗೆ ಅಪಘಾತವಾಗಿ 6 ತಿಂಗಳೊಳಗೆ ಎಂಬ ಗಡುವು 2022ರ ಏಪ್ರಿಲ್ 1ರಿಂದ ಇದೆ. ಅರ್ಜಿಯನ್ನು ಅಪಘಾತ ಆದ ಕಡೆಯೇ ಹಾಕಬೇಕೆಂದಿಲ್ಲ, ನೀವು ವಾಸವಿರುವ ಕಡೆಯ ಟ್ರಿಬ್ಯೂನಲ್ಲಿನಲ್ಲೂ ಹಾಕಬಹುದು.

ಇನ್ನು ಆ ಹುಡುಗ. ಅವನ ಲೆಕ್ಕ ನಿಮ್ಮದಕ್ಕಿಂತ ಬೇರೆ. ಅವನು ಚಾಲಕ, ಆದ್ದರಿಂದ ಅವನ ಪಾಲಿನ ತಪ್ಪು ಅವನ ಪರಿಹಾರದಿಂದ ಕಡಿತ ಆಗುತ್ತದೆ. 40 ಪಾಲು ಅವನದ್ದು ಎಂದರೆ ನೂರಕ್ಕೆ 60 ಮಾತ್ರ ಕೈಗೆ ಬರುತ್ತದೆ. ಅವನಿಗೆ ಇನ್ನೊಂದು ಬಾಗಿಲು ಇದೆ. ಕೆಲಸದ ಹೊತ್ತಿನಲ್ಲಿ ಪೆಟ್ಟಾದ ನೌಕರನಿಗೆ ಮಾಲೀಕ ಕೊಡಬೇಕಾದ ಪರಿಹಾರ. ಅಲ್ಲಿ ಸಾಮಾನ್ಯ ಅಜಾಗರೂಕತೆಯನ್ನು ಎಣಿಸುವುದಿಲ್ಲ. ಆದರೆ ಎರಡರಲ್ಲಿ ಒಂದನ್ನೇ ಆರಿಸಿಕೊಳ್ಳಬೇಕು ಎಂದು 167ನೇ ಕಲಂ ಹೇಳುತ್ತದೆ. ಅವನ ಸಂಬಳ, ವಯಸ್ಸು, ಕಾಲಿನ ಸ್ಥಿತಿ ನೋಡಿ ಯಾವುದು ಲಾಭ ಎಂದು ವಕೀಲರು ಲೆಕ್ಕ ಹಾಕಿಕೊಡಲಿ. ನಿಮ್ಮ ವಕೀಲರೇ ಅವನಿಗೂ ಬೇಡ. ನೀವು ಅರ್ಜಿದಾರರು, ಅವನು ಪ್ರತಿವಾದಿ. ಸ್ನೇಹ ಬೇರೆ, ಕಡತ ಬೇರೆ.

ಅವನಿಗೆ ನೀವು ಮಾಡಬಹುದಾದ ದೊಡ್ಡ ಉಪಕಾರ ಒಂದಿದೆ. ಅತಿವೇಗ ಮತ್ತು ಗಾಯದ ಕೇಸ್ ಜೆಎಂಎಫ್‌ಸಿ, ಅಂದರೆ ಮ್ಯಾಜಿಸ್ಟ್ರೇಟ್ ಕೋರ್ಟಿಗೆ ಬಂದಾಗ ಯಾರಾದರೂ ಅವನ ಕಿವಿಯಲ್ಲಿ 'ತಪ್ಪಾಯ್ತು ಅಂದುಬಿಡು, ದಂಡ ಕಟ್ಟಿ ಮನೆಗೆ ಹೋಗು, ಓಡಾಟ ತಪ್ಪುತ್ತೆ' ಎನ್ನುತ್ತಾರೆ. ಎಷ್ಟೋ ಚಾಲಕರು ಕೆಲಸದ ದಿನ ಹೋಗುತ್ತದೆಂದು ಹಾಗೆಯೇ ಮಾಡುತ್ತಾರೆ. ಆಮೇಲೆ ಆ ಒಂದು ಹಾಳೆ ಟ್ರಿಬ್ಯೂನಲ್ಲಿನ ಪರಿಹಾರದ ಕೇಸಿನಲ್ಲಿ ಅವರ ವಿರುದ್ಧವೇ ದಾಖಲೆಯಾಗಿ ಬರುತ್ತದೆ. ಗುದ್ದಿದ ಜಾಗ, ನೀರಿನ ಭಾರ, ಸಿಗ್ನಲ್, ನಾನು ಇಷ್ಟು ಹೊತ್ತು ಬರೆದದ್ದೆಲ್ಲ ಅದರ ಮುಂದೆ ಸೋಲುತ್ತದೆ. ಅವನ ಮುಂದಿನ ತಾರೀಖು ಯಾವತ್ತು ಎಂದು ಇವತ್ತೇ ಫೋನ್ ಮಾಡಿ ಕೇಳಿ.